ಖಾಡಿಯ ದಾರಿಯಲ್ಲಿ ಇಟಲಿಯ ದ್ರಾಕ್ಷಾರಸ

ಮಾಜಿವಾಡಾದ ನಮ್ಮ ನೆರೆಮನೆಯವರ ಮಗ ಇಟಲಿಯಿಂದ ರಜೆಗೆ ಬಂದಾಗ ಒಂದು ಬಾಟಲಿ ತಂದಿದ್ದ. 'ಫಲೆರ್ನೊ' ಎಂಬ ಬಿಳಿಯ ದ್ರಾಕ್ಷಾರಸ. ಬೆಲೆ ಕೇಳಿ, ತುಟ್ಟಿಭತ್ಯೆಯ ಕಂತು ಎಣಿಸುವ ನಮಗೆ ಎದೆ ಝಲ್ಲೆಂದಿತು. ಇಷ್ಟು ಹಣ ತೆತ್ತು ಕೊಳ್ಳುವವರು ಯಾರಪ್ಪಾ ಎಂದೆವು. "ಎರಡು ಸಾವಿರ ವರ್ಷದಿಂದ ಕೊಳ್ಳುತ್ತಲೇ ಇದ್ದಾರೆ ಅಂಕಲ್" ಎಂದು ಹುಡುಗ ನಕ್ಕ. ಆ ಮಾತು ನಮ್ಮನ್ನು ಪುಸ್ತಕದ ಕಪಾಟಿಗೆ ಅಟ್ಟಿತು.

ಹುಡುಗ ಹೇಳಿದ್ದು ಸುಳ್ಳಲ್ಲ. ರೋಮಿನ ದಕ್ಷಿಣಕ್ಕಿರುವ ಮಸ್ಸಿಕೊ ಬೆಟ್ಟದ ಇಳಿಜಾರಿನ ಈ ರಸಕ್ಕೆ ಪ್ರಾಚೀನ ರೋಮಿನಲ್ಲಿ ಅಗ್ರಪೂಜೆ. ಕ್ರಿ.ಪೂ. 121ರ ಫಸಲಂತೂ ದಂತಕಥೆಯೇ ಆಯಿತು. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೇಯಿ ನಗರದ ಅಂಗಡಿಯೊಂದರ ಗೋಡೆಯ ಮೇಲೆ ದರಪಟ್ಟಿ ಸಿಕ್ಕಿದೆ: ಸಾಧಾರಣ ರಸಕ್ಕೆ ಒಂದು ಕಾಸಾದರೆ, ಉತ್ತಮಕ್ಕೆ ಎರಡು, ಫಲೆರ್ನಿಯನ್ನಿಗೆ ನಾಲ್ಕು! ಬೆಂಕಿ ಸೋಕಿಸಿದರೆ ಹೊತ್ತಿಕೊಳ್ಳುವ ಮದ್ಯ ಇದೊಂದೇ ಎಂದು ಪ್ಲಿನಿ ಬರೆದ. ರಸಾಯನಶಾಸ್ತ್ರ ಓದಿದ ನಮಗೆ ಇದನ್ನು ನಂಬುವುದು ಕಷ್ಟ. ಬರಿಯ ಹುದುಗಿನಿಂದ ಮದ್ಯಸಾರ ನೂರಕ್ಕೆ 15-16ರ ಆಚೆ ಹೋಗುವುದು ವಿರಳ.

ಇಟಲಿಯ ದ್ರಾಕ್ಷಾರಸ ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿತ್ತು. ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿ, ಬಾರಿಗಾಜ ಅಂದರೆ ಭರೂಚ್ ಬಂದರಿನ ಆಮದುಗಳಲ್ಲಿ ದ್ರಾಕ್ಷಾರಸವನ್ನು ಮೊದಲು ಹೆಸರಿಸುತ್ತದೆ. ಅಲ್ಲಿ ಅರೇಬಿಯದ್ದೂ ಸಿರಿಯದ್ದೂ ಮಾರಾಟವಾಗುತ್ತಿದ್ದರೂ ಹೆಚ್ಚು ಮೆಚ್ಚುಗೆ ಇಟಲಿಯದ್ದಕ್ಕೆ. ಶ್ರೇಷ್ಠವಾದದ್ದನ್ನು ಅರಸನಿಗೆಂದೇ ಬೆಳ್ಳಿಯ ಪಾತ್ರೆಗಳೊಡನೆ ತರುತ್ತಿದ್ದರು. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಕ್ಕಿತು.

ತರುವ ಕಷ್ಟವೂ ಅಷ್ಟಿಷ್ಟಲ್ಲ. ಅಲೆಕ್ಸಾಂಡ್ರಿಯದಿಂದ ನೈಲ್ ನದಿಯಲ್ಲಿ ಕಾಪ್ಟೋಸ್‌ವರೆಗೆ, ಅಲ್ಲಿಂದ ಒಂಟೆಗಳ ಮೇಲೆ ಹನ್ನೆರಡು ದಿನ, ಕೆಂಪು ಸಮುದ್ರದ ಬೆರೆನಿಕೆ ಬಂದರು, ಆಮೇಲೆ ಮುಂಗಾರು ಗಾಳಿ ಹಿಡಿದು ಅರಬ್ಬೀ ಸಮುದ್ರ. 'ಆಂಫೊರ' ಎಂಬ ಮಣ್ಣಿನ ಜಾಡಿಯಲ್ಲಿ ಸುಮಾರು 26 ಲೀಟರು ಹಿಡಿಯುತ್ತಿತ್ತು. ಕೆಲವು ಬಗೆಯ ಖಾಲಿ ಜಾಡಿಯ ತೂಕವೇ ಹೆಚ್ಚುಕಡಿಮೆ ಒಳಗಿನ ರಸದಷ್ಟು! ಇಂಥ ಜಾಡಿಗಳ ಚೂರುಗಳು ನೆವಾಸಾದಲ್ಲಿ ಸಿಕ್ಕಿವೆ. ನಮ್ಮ ಥಾಣೆಯ ಖಾಡಿ ತೆರೆದುಕೊಳ್ಳುವ ಮುಂಬಯಿ ಬಂದರಿನ ನಡುವೆ ಇರುವ ಘಾರಾಪುರಿ ದ್ವೀಪದಲ್ಲಿಯೂ ಸಿಕ್ಕಿವೆ.

ಹಾಗಾದರೆ ನಮ್ಮ ಕಲ್ಯಾಣ? ಊರ ಕಡೆಯ ಹಿರಿಯರಿಗೆ ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣ. ಉಲ್ಹಾಸ ನದಿಯ ಈ ಕಲ್ಯಾಣಕ್ಕೂ ದೊಡ್ಡ ಚರಿತ್ರೆಯಿದೆ. ಪೆರಿಪ್ಲಸ್ ಇದನ್ನು 'ಕಲ್ಲಿಯೆನ' ಎನ್ನುತ್ತದೆ. ಹಿರಿಯ ಸರಗನಸ್‌ನ, ಅಂದರೆ ಶಾತಕರ್ಣಿಯೊಬ್ಬನ ಕಾಲದಲ್ಲಿ ಇದು ಅಧಿಕೃತ ವ್ಯಾಪಾರಸ್ಥಾನ. ಬನವಾಸಿ, ಸನ್ನತಿಗಳಲ್ಲಿ ಶಾಸನ ಬಿಟ್ಟುಹೋದ ಶಾತವಾಹನರೇ ಇವರು. ಮುಂದೆ ಸಂದನೆಸ್ ಎಂಬವನ ಕೈಗೆ ಊರು ಸಿಕ್ಕಿದಾಗ ವ್ಯಾಪಾರಕ್ಕೆ ಕಡಿವಾಣ ಬಿತ್ತು. ದಾರಿ ತಪ್ಪಿ ಬಂದ ಗ್ರೀಕ್ ಹಡಗನ್ನೂ ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರು. ಒಂದು ಆಜ್ಞೆಯಿಂದ ಒಂದು ಬಂದರಿನ ಅನ್ನ ಇನ್ನೊಂದರ ತಟ್ಟೆಗೆ ಬಿತ್ತು. ಕಡತಗಳ ನಡುವೆ ಬದುಕುವ ನಮಗೆ ಒಂದು ಸಹಿಯ ಬಲ ಗೊತ್ತು. ಆದರೂ ಊರು ಅಳಿಯಲಿಲ್ಲ. ಕನ್ಹೇರಿಯ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ಕಮ್ಮಾರನ, ಅಕ್ಕಸಾಲಿಯ ದಾನಗಳು ಇಂದಿಗೂ ಓದಸಿಗುತ್ತವೆ. ಸಂದನೆಸ್‌ನ ಹೆಸರು ಉಳಿದದ್ದು ಪರದೇಶಿಯೊಬ್ಬನ ದೂರಿನಲ್ಲಿ ಮಾತ್ರ.

ಫಲೆರ್ನಿಯನ್ನಿನ ಕೀರ್ತಿಯೂ ಶತಮಾನಗಳ ಕಾಲ ಮಂಕಾಗಿತ್ತು. 1989ರಲ್ಲಿ 'ಫಲೆರ್ನೊ ದೆಲ್ ಮಸ್ಸಿಕೊ' ಎಂಬ ಹೆಸರಿಗೆ ಇಟಲಿಯಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಬಿಳಿಯದನ್ನು ಫಲಾಂಗಿನಾ ಎಂಬ ದ್ರಾಕ್ಷಿಯಿಂದ ತಯಾರಿಸುತ್ತಾರೆ.

ನೆರೆಮನೆಯವರು ಒತ್ತಾಯಿಸಿ ಒಂದು ಗುಟುಕು ಕೊಟ್ಟರು. ನಮ್ಮ ಫಿಲ್ಟರ್ ಕಾಫಿಯ ನಾಲಗೆಗೆ ಅದರ ಹಿರಿಮೆ ಪೂರ್ತಿ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಹೊಟ್ಟೆಪಾಡಿಗೆ ಬಂದು ನೆಲೆಸಿದ ಈ ಊರನ್ನು ಬರಿಯ ಲೋಕಲ್ ಗಾಡಿಯ ನಿಲ್ದಾಣವೆಂದು ಇಷ್ಟು ವರ್ಷ ಎಣಿಸಿದ್ದು ನಮ್ಮ ತಪ್ಪು. ಸಂಘದ ಮುಂದಿನ ಪ್ರವಾಸ ಕನ್ಹೇರಿಗೆ ಆಗಲಿ, ಮಕ್ಕಳೂ ಜತೆಗಿರಲಿ ಎಂಬುದು ನಮ್ಮ ಸೂಚನೆ.