ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಾಯುಮಾರ್ಗ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಿನ ಆಕಾಶಮಾರ್ಗ. ನೇರ ದೂರ ಸುಮಾರು 13,990 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ ದಿಕ್ಕು ಮತ್ತು ಗಾಳಿಯನ್ನು ಅನುಸರಿಸಿ 16ರಿಂದ 18 ಗಂಟೆ ಹಿಡಿಯುತ್ತದೆ.

ನಿಲ್ದಾಣ

2008ರ ಮೇ 24ರಂದು ಆರಂಭವಾದ ದೇವನಹಳ್ಳಿಯ ನಿಲ್ದಾಣ ಹೆಸರಿಗೆ ಬೆಂಗಳೂರಿನದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಸೀಮೆಯವರಿಗೆ ಮಾತ್ರ ಅದು ಬೆಂಗಳೂರು ಪೇಟೆಗಿಂತ ಹತ್ತಿರ. ಆ ಸೀಮೆಯ ದಿಬ್ಬೂರಹಳ್ಳಿಯಿಂದ ಹೊರಟವರು ಶಿಡ್ಲಘಟ್ಟ, ವಿಜಯಪುರ ಹಾದು ದೇವನಹಳ್ಳಿ ಸೇರುತ್ತಾರೆ, ನಗರದೊಳಗೆ ಕಾಲಿಡಬೇಕಾಗಿಲ್ಲ.

ದೂರ

ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿದೆ, ಅಂದರೆ ಅವು ಭೂಮಿಯ ಬಹುಮಟ್ಟಿಗೆ ವಿರುದ್ಧ ಮಗ್ಗುಲುಗಳಲ್ಲಿವೆ. ಗೋಡೆಯ ಭೂಪಟದಲ್ಲಿ ಗೆರೆ ಎಳೆದರೆ ದಾರಿ ಪೆಸಿಫಿಕ್ ಸಾಗರದ ನಟ್ಟನಡುವೆ ಹೋದಂತೆ ಕಾಣುತ್ತದೆ. ಗೋಳದ ಮೇಲೆ ದಾರ ಬಿಗಿದು ನೋಡಿದರೆ ಅದು ಚೀನಾ, ಸೈಬೀರಿಯಾ, ಅಲಾಸ್ಕಾಗಳ ಕಡೆಗೆ ಬಾಗುತ್ತದೆ. ಈ ಮಾರ್ಗವನ್ನು ಉತ್ತರ ಧ್ರುವದ ಮಾರ್ಗವೆಂದೇ ಕರೆಯುವ ರೂಢಿಯಿದೆ. ಅದು ಪೂರ್ತಿ ಸರಿಯಲ್ಲ. ಲೆಕ್ಕ ಹಾಕಿದರೆ ಅತಿ ಹತ್ತಿರದ ದಾರಿ ಏರುವುದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಮಾತ್ರ. ಧ್ರುವದ ಮೇಲೆಯೇ ಹಾದುಹೋದರೆ 14,360 ಕಿ.ಮೀ. ಆಗುತ್ತದೆ. ಹೆಚ್ಚುವರಿ ದೂರ 400 ಕಿ.ಮೀ.ಗೂ ಕಡಿಮೆ, ಹೀಗಾಗಿ ಎದುರುಗಾಳಿ ತಪ್ಪುವುದಾದರೆ ಆ ಸುತ್ತೂ ಲಾಭದ್ದೇ.

ಅವಧಿ

ಹಾರಾಟದ ಗಂಟೆಗಳನ್ನು ನಿರ್ಧರಿಸುವುದರಲ್ಲಿ ಕಿಲೋಮೀಟರಿನಷ್ಟೇ ಗಾಳಿಯದೂ ಪಾತ್ರವಿದೆ. ಮಧ್ಯ ಅಕ್ಷಾಂಶಗಳಲ್ಲಿ, ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದುಂಟು. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ನೂಕುತ್ತದೆ. ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಗೆ ತಿರುಗಿಸಿತು. ದೂರ ಸುಮಾರು 15,300 ಕಿ.ಮೀ.ಗೆ ಏರಿದರೂ ಪ್ರಯಾಣ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ದೂರದ ಅಂಕಿಯೊಂದನ್ನೇ ನಂಬಿ ಸಮಯ ಅಂದಾಜು ಮಾಡುವ ಕೋಷ್ಟಕಗಳು ಇಲ್ಲಿಯೇ ಎಡವುತ್ತವೆ.

ನಿಲ್ದಾಣದ ಎತ್ತರವನ್ನೂ ಗಮನಿಸಬೇಕು. ದೇವನಹಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 915 ಮೀ. ಮೇಲಿದೆ, ಅಲ್ಲಿನ ಗಾಳಿ ಸಮುದ್ರ ತೀರಕ್ಕಿಂತ ಶೇ. 8ರಷ್ಟು ತೆಳು. ಟ್ಯಾಂಕಿನ ತುಂಬ ಇಂಧನ ಹೊತ್ತ ವಿಮಾನಕ್ಕೆ ಮೇಲೇಳಲು ಉದ್ದನೆಯ ಓಟ ಬೇಕು, ಬಿಸಿಲೇರಿದರೆ ಇನ್ನೂ ಹೆಚ್ಚು. ರನ್‌ವೇ 4,000 ಮೀ. ಇದ್ದರೂ ಸರಕು ಕಡಿಮೆ ಮಾಡಿಕೊಳ್ಳಬೇಕಾಗುವ ಸಂದರ್ಭಗಳಿರಬಹುದು.

ಮೊದಲ ಹಾರಾಟ

ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್: ಚಾಲಕರು ನಾಲ್ವರೂ ಮಹಿಳೆಯರು.

ಗಡಿಯಾರ

ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆ, ಅಮೆರಿಕದವರು ಗಡಿಯಾರ ಮುಂದಿಡುವ ತಿಂಗಳುಗಳಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿ ಹತ್ತಿ 16 ಗಂಟೆ ಹಾರಿದವರು ಅದೇ ದಿನ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತಾರೆ.