ಕಟ್ಟಿಟ್ಟ ಅಕ್ಷರ, ಬಿಚ್ಚಿಟ್ಟ ಅಕ್ಷರ

2006ರ ಮಳೆಗಾಲ. ಬೆಳ್ತಂಗಡಿ ಪೇಟೆಯ ಒಂದು ಸೈಬರ್ ಕೆಫೆಯಲ್ಲಿ ಕುಳಿತು ನಾವೊಂದು ಬ್ಲಾಗು ಕಟ್ಟಿದೆವು. ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು, ಕರೆಂಟು ಹೋದಾಗಲೆಲ್ಲ ಕೈಕಟ್ಟಿ ಕುಳಿತು, ಮೂರು ಸಂಜೆಗಳನ್ನು ಅದರ ಅಲಂಕಾರಕ್ಕೇ ಕಳೆದೆವು. ಹಿನ್ನೆಲೆಗೆ ಹಸಿರು ಬಣ್ಣ, ನೆತ್ತಿಯ ಮೇಲೆ ಗುಲಾಬಿಯ ಚಿತ್ರ, ಬಲದಿಂದ ಎಡಕ್ಕೆ ಓಡುವ ಹೆಸರು. ಕಥೆಯನ್ನು ಅಂಟಿಸಿದ್ದು ಮಾತ್ರ ಕೊನೆಯ ಹತ್ತು ನಿಮಿಷದಲ್ಲಿ. ವಾರ ಕಳೆದ ಮೇಲೆ ಕೊಲ್ಲಿಯಲ್ಲಿ ದುಡಿಯುತ್ತಿದ್ದ ವೇಣೂರು ಕಡೆಯ ಗೆಳೆಯನೊಬ್ಬನ ಇಮೇಲ್ ಬಂತು: "ಭಾಯಿ, ತೋಟ ಬಹಳ ಚೆನ್ನಾಗಿದೆ. ಆದರೆ ಇದು ಯಾವ ಭಾಷೆ?"

ನಾವು ಬಳಸಿದ್ದ ಕನ್ನಡದ ಫಾಂಟು ಆ ಕೆಫೆಯ ಕಂಪ್ಯೂಟರಿನಲ್ಲಿತ್ತು, ಅವನ ಕಂಪ್ಯೂಟರಿನಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ಕಥೆ ಅವನಿಗೆ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತ್ತು. ನಗು ಬಂತು, ನಾಚಿಕೆಯೂ ಆಯಿತು. ಕಾಣುವುದು ಬೇರೆ, ಓದುವುದು ಬೇರೆ ಎಂಬ ಸರಳ ಸತ್ಯ ನಮಗೆ ಹೊಳೆದದ್ದು ಆಗ. ಈ ಸತ್ಯ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಗುರುವಾಯನಕೆರೆ, ವೇಣೂರು ದಾಟಿ ಬಸ್ಸಿನಲ್ಲಿ ಹೋದರೆ ಸಿಗುವ ಮೂಡುಬಿದಿರೆಯಲ್ಲಿ ಅದರ ಹಳೆಯ ಕಥೆಯೊಂದಿದೆ.

ಮೂಡುಬಿದಿರೆಯ ಗುರು ಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ದಿಗಂಬರ ಜೈನರ ಪರಮಪವಿತ್ರ ಆಗಮವಾದ ಷಟ್ಖಂಡಾಗಮ ಮತ್ತು ಅದಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ 'ಧವಲಾ' ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದು ಬಂದದ್ದು ಇಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಉತ್ತರದ ಊರುಗಳಿಂದ ಯಾತ್ರಿಕರು ಬರುತ್ತಿದ್ದರು, ಗರಿಗಳ ಕಟ್ಟನ್ನು ಕಂಡು ಕೈಮುಗಿದು ಹಿಂದಿರುಗುತ್ತಿದ್ದರು. ದರ್ಶನವಿತ್ತು, ಓದು ಇರಲಿಲ್ಲ. ಓದಬೇಕೆಂದರೂ ಆ ಲಿಪಿ ಬಲ್ಲವರು ವಿರಳ, ಗರಿಗಳನ್ನು ಹೊರಗೆ ಕೊಡುವ ವಾಡಿಕೆಯೂ ಇರಲಿಲ್ಲ. ಕಾಪಾಡಿದವರನ್ನು ನಾವು ದೂರುವಂತಿಲ್ಲ. ಅವರು ಹುಳದಿಂದ, ಬೆಂಕಿಯಿಂದ, ಕಳ್ಳಕಾಕರಿಂದ ಕಾಯ್ದುಕೊಂಡು ಬಾರದಿದ್ದರೆ ಇಂದು ಓದುವುದಕ್ಕೆ ಏನೂ ಇರುತ್ತಿರಲಿಲ್ಲ.

19ನೇ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿ ಕಡೆಯ ಜೈನ ಶ್ರಾವಕರ ಒತ್ತಾಸೆಯಿಂದ ಪ್ರತಿ ಮಾಡುವ ಕೆಲಸ ಆರಂಭವಾಯಿತು. ವರ್ಷಗಟ್ಟಲೆ ನಡೆದ ಆ ಕೆಲಸದಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಮೂಡುಬಿದಿರೆಯಿಂದ ಹೊರಬಿದ್ದು ಉತ್ತರದ ಸಹಾರನ್‌ಪುರ ಸೇರಿತು. ಹೀಗೆ ಹೊರಬಂದ ಪ್ರತಿಗಳ ಆಧಾರದಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚಾಯಿತು. ಮುಂದೆ ಒಟ್ಟು 16 ಸಂಪುಟಗಳು ಬಂದವು. ಸಾವಿರ ವರ್ಷದ ಗ್ರಂಥಕ್ಕೆ ಓದುಗ ಸಿಕ್ಕಿದ್ದು ಹೀಗೆ. ಅದರಲ್ಲಿ ದೀಪದ ಬೆಳಕಲ್ಲಿ ಕುಳಿತು ಅಕ್ಷರ ಇಳಿಸಿಕೊಂಡ ಒಬ್ಬ ಹೆಣ್ಣುಮಗಳ ಕೈಯೂ ಇತ್ತು ಎಂಬುದನ್ನು ನಾವು ಮರೆಯಬಾರದು.

ಇದನ್ನು ಓದಿ ಬೇರೆಯವರ ಮನೆಯ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮನೆಗಳ ಗೋಡೆಯ ಗೂಡಿನಲ್ಲೂ ಜರಿಯ ಜುಜ್‌ದಾನಿನಲ್ಲಿ ಸುತ್ತಿಟ್ಟ ಕುರ್‌ಆನ್ ಇರುತ್ತದೆ. ಇಳಿಸಿ, ಧೂಳು ಒರೆಸಿ, ಮುತ್ತಿಟ್ಟು ಮತ್ತೆ ಮೇಲಿಡುತ್ತೇವೆ. ಬಿಚ್ಚಿ ಓದಿ ಅರ್ಥಮಾಡಿಕೊಂಡ ದಿನಗಳೆಷ್ಟು? ಗೌರವವೇ ಕೆಲವೊಮ್ಮೆ ಬೀಗವಾಗುತ್ತದೆ.

ಕಟ್ಟಿಡುವ ಈ ನಾಡಿನಲ್ಲಿ ಅಕ್ಷರವನ್ನು ಬೀದಿಗೆ ತಂದ ಪ್ರಯೋಗವೊಂದು ಮಂಗಳೂರಿನಲ್ಲಿ ನಡೆಯಿತು. 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದ ಜರ್ಮನಿಯ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಆ ದಿನವನ್ನೇ ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮೊಗ್ಲಿಂಗರ ಮುಖ್ಯ ಕಸುಬು ಮತಪ್ರಚಾರ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಓದುಗನನ್ನು ಬರಮಾಡಿಕೊಳ್ಳುವ ಬಗೆಯನ್ನು ಅವರಿಂದ ಕಲಿಯಬೇಕಾದದ್ದಿದೆ.

ಆಗ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ. ಇದ್ದದ್ದು ಕಲ್ಲಚ್ಚು. ಎಣ್ಣೆಯಂಶದ ಶಾಯಿಯಲ್ಲಿ ಬರೆದದ್ದನ್ನು ನಯವಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ನೀರು ಕುಡಿದ ಜಾಗ ಶಾಯಿಯನ್ನು ದೂಡುತ್ತದೆ, ಬರೆದ ಜಾಗ ಹಿಡಿದುಕೊಳ್ಳುತ್ತದೆ. ಹಾಗಾಗಿ ಕಾಗದದ ಮೇಲೆ ಮೂಡುವುದು ಬರೆದವನ ಕೈಬರಹವೇ. ಜನ ತಮ್ಮ ಲೆಕ್ಕದ ಕಡತದಲ್ಲಿ, ಕಾಗದಪತ್ರಗಳಲ್ಲಿ ನೋಡಿ ಪಳಗಿದ್ದ ಅಕ್ಷರವೇ ಪತ್ರಿಕೆಯಲ್ಲೂ ಸಿಕ್ಕಿತು. ಪಾಕ್ಷಿಕ ಪತ್ರಿಕೆಯಾದ್ದರಿಂದ ಬರುವ ದಿನ ಗೊತ್ತಿತ್ತು. ಪುಟಗಳು ನಾಲ್ಕೇ ಆದ್ದರಿಂದ ಓದಿ ಮುಗಿಸುವ ಧೈರ್ಯ ಬರುತ್ತಿತ್ತು. ಒಳಗೆ ಊರ ವರ್ತಮಾನ, ಸರಕಾರದ ನಿರೂಪಗಳು, ಹೊರದೇಶಗಳ ಸುದ್ದಿ, ಕಥೆ, ದಾಸರ ಪದ, ಒಂದೊಂದಕ್ಕೂ ಒಂದೊಂದು ಜಾಗ. ತನ್ನ ಊರಿನ ಸಂಗತಿಗೆಂದು ಕೈಗೆತ್ತಿಕೊಂಡವನು ಪಕ್ಕದಲ್ಲೇ ಲೋಕವನ್ನೂ ಕಾಣುತ್ತಿದ್ದ.

ಕೆಲವೇ ವರ್ಷ ಹಿಂದೆ, 1837ರ ಏಪ್ರಿಲ್‌ನಲ್ಲಿ, ಕಲ್ಯಾಣಪ್ಪನ ದಂಡು ಮಂಗಳೂರನ್ನು ಹಿಡಿದು ಬಿಟ್ಟುಕೊಟ್ಟಿತ್ತು. ಆಗ ಸುದ್ದಿ ಓಡಿದ್ದು ಬಾಯಿಂದ ಬಾಯಿಗೆ, ಪ್ರತಿ ಬಾಯಲ್ಲೂ ಒಂದಿಷ್ಟು ಬೆಳೆಯುತ್ತ. ಅಂಥ ಜಿಲ್ಲೆಯಲ್ಲಿ ಬರೆದಿಟ್ಟ ಸುದ್ದಿಗೆ, ಮತ್ತೆ ತೆಗೆದು ನೋಡಬಹುದಾದ ಸುದ್ದಿಗೆ ಎಷ್ಟು ಬೆಲೆಯೆಂಬುದನ್ನು ಊಹಿಸಬಹುದು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಅಲ್ಲಿ ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡು 'ಕನ್ನಡ ಸಮಾಚಾರ'ವಾಯಿತು. ಹೆಚ್ಚು ಕಾಲ ಬಾಳಲಿಲ್ಲ. ಆದರೆ ದಾರಿ ತೋರಿಸಿತ್ತು.

ಕಲ್ಲಚ್ಚಿನ ಮಾತು ಬಂದಾಗ ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಕಾತಿಬರ ನೆನಪಾಗುತ್ತದೆ. ನಸ್ತಾಲೀಕ್ ಲಿಪಿ ಮೇಲಿನಿಂದ ಕೆಳಕ್ಕೆ ಓರೆಯಾಗಿ ಜಾರುವುದರಿಂದ ಬಿಡಿ ಮೊಳೆಗಳಿಗೆ ಅದು ಒಗ್ಗಲಿಲ್ಲ. ಉರ್ದು ಪತ್ರಿಕೆಗಳು ತಲೆಮಾರುಗಳ ಕಾಲ ಕಾತಿಬರ ಲೇಖನಿಯನ್ನೇ ನಂಬಿದ್ದವು. 1927ರಲ್ಲಿ ಮದರಾಸಿನಲ್ಲಿ ಆರಂಭವಾದ 'ದಿ ಮುಸಲ್ಮಾನ್' ದಿನಪತ್ರಿಕೆ 21ನೇ ಶತಮಾನಕ್ಕೆ ಕಾಲಿಟ್ಟದ್ದೂ ಕೈಬರಹದಲ್ಲಿಯೇ. ಅಂತರ್ಜಾಲ ಬಂದಾಗ ಈ ಚೆಲುವೇ ತೊಡಕಾಯಿತು. ಅನೇಕ ಉರ್ದು ಪತ್ರಿಕೆಗಳು ಪುಟಗಳನ್ನು ಚಿತ್ರ ಮಾಡಿ ಜಾಲತಾಣಕ್ಕೆ ಹಾಕಿದವು. ಕಣ್ಣಿಗೆ ಹಬ್ಬ, ಆದರೆ ಹುಡುಕುವ ಯಂತ್ರಕ್ಕೆ ಅದು ಬರೀ ಚಿತ್ರ. ಒಳಗಿನ ಒಂದು ಪದವನ್ನೂ ಅದು ಹುಡುಕಿ ಕೊಡಲಾರದು. ಅಲ್ಲೂ ಮತ್ತೆ ದರ್ಶನವೇ, ಓದಿಲ್ಲ.

ಕನ್ನಡದ ಪಾಡೂ ಹಾಗೆಯೇ ಇತ್ತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡಕ್ಕೆ ಒಪ್ಪುವ ಕೀಲಿಮಣೆ ರೂಪಿಸಿದರು, 'ಸೇಡಿಯಾಪು' ಎಂಬ ತಂತ್ರಾಂಶವನ್ನು ದುಡ್ಡು ಪಡೆಯದೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಮುಂದೆ 'ನುಡಿ' ಬಂತು. ಬರೆಯುವುದು ಸುಲಭವಾಯಿತು. ಆದರೆ ಆ ಕಾಲದ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಿದ್ದವು. ಫಾಂಟು ತೆಗೆದರೆ ಕನ್ನಡವೂ ಹೋಯಿತು. ಪ್ರತಿ ಅಕ್ಷರಕ್ಕೂ ಸ್ವಂತ ಮನೆ ಕೊಟ್ಟದ್ದು ಯುನಿಕೋಡ್. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟನ್ನು ಹೊತ್ತು ತಂದ ಮೇಲೆ ಕನ್ನಡ ಜಾಲಕ್ಕೆ ನಿಜವಾದ ಓದುಗರು ಬಂದರು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ 'ಸಂಪದ', ಆಮೇಲೆ ಜಿ.ಎನ್. ಮೋಹನರ 'ಅವಧಿ', ಕಥೆಗಾರ ಅಬ್ದುಲ್ ರಶೀದರ ಸಂಪಾದಕತ್ವದ 'ಕೆಂಡಸಂಪಿಗೆ'. ಇವೆಲ್ಲ ನಿಂತದ್ದು ಈ ನೆಲದ ಮೇಲೆ.

ಗೆಳೆಯನ ಪ್ರಶ್ನೆಯ ನಂತರ ನಾವು ಬ್ಲಾಗಿನ ಗುಲಾಬಿಯನ್ನು ಕಿತ್ತೆವು, ಓಡುವ ಹೆಸರನ್ನು ನಿಲ್ಲಿಸಿದೆವು. ಬಿಳಿಯ ಮೇಲೆ ಕಪ್ಪು ಅಕ್ಷರ, ಯುನಿಕೋಡಿನಲ್ಲಿ. ತಿಂಗಳಿಗೆರಡು ಬರಹ, ಅದೂ ಗೊತ್ತಾದ ದಿನ. ಮೊದಲು ನಮ್ಮೂರಿನ ಮಾತು, ಆಮೇಲೆ ಲೋಕದ್ದು. ಬರೆದವರಿಗೆಲ್ಲ ಮರುಉತ್ತರ. ಮೊಗ್ಲಿಂಗರ ನಾಲ್ಕು ಪುಟಗಳ ಲೆಕ್ಕವೇ ಇದು ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಓದುಗರು ಸಾವಿರಗಟ್ಟಲೆ ಬರಲಿಲ್ಲ, ಆದರೆ ಬಂದವರು ಓದಿ ಹೋದರು.

ಒಂದು ನೋವು ಮಾತ್ರ ಉಳಿದಿದೆ. 1974ರ ನೇತ್ರಾವತಿ ನೆರೆಯಲ್ಲಿ ಮನೆ ಕಳೆದುಕೊಂಡದ್ದನ್ನು ನಮ್ಮ ನಾನಿ ಹೇಳಿದಂತೆಯೇ ಒಮ್ಮೆ ಹಳೆಯ ಫಾಂಟಿನಲ್ಲಿ ಬರೆದಿಟ್ಟಿದ್ದೆವು. ಇತ್ತೀಚೆಗೆ ಆ ಕಡತವನ್ನು ತೆರೆದರೆ ಅದೇ ಕೊಂಬು ಬಾಲದ ರಾಶಿ. ಪರಿವರ್ತಿಸುವ ತಂತ್ರಾಂಶಕ್ಕೆ ಹಾಕಿದಾಗ ಬಹುಪಾಲು ಮರಳಿತು. ಆದರೆ ಅಲ್ಲಲ್ಲಿ ಒತ್ತಕ್ಷರ ಮುರಿದಿದೆ, ಎರಡು ಕಡೆ ಸಾಲುಗಳೇ ಹಾರಿವೆ. ದೋಣಿಗೆ ಮೊದಲು ಹತ್ತಿಸಿದ್ದು ಯಾರನ್ನು ಎಂಬ ಹೆಸರು ಆ ಹಾರಿಹೋದ ಸಾಲಿನಲ್ಲಿತ್ತು. ಕೇಳೋಣವೆಂದರೆ ನಾನಿ ಕಬರಸ್ತಾನದಲ್ಲಿದ್ದಾರೆ.

ನಿಮ್ಮ ಕಪಾಟಿನಲ್ಲೂ ಹಳೆಯ ಸಿಡಿಗಳು, ಮಸೀದಿಯ ಸ್ಮರಣ ಸಂಚಿಕೆಯ ಕಡತಗಳು, ಹಿರಿಯರ ಮಾತು ಬರೆದುಕೊಂಡ ಪುಸ್ತಕಗಳು ಇರಬಹುದು. ಈ ವಾರವೇ ಅವನ್ನು ಬಿಚ್ಚಿ ನೋಡಿ. ಓದಲು ಬಾರದ್ದನ್ನು ಕೇಳಿ ತಿಳಿಯಲು ಹೇಳಿದವರು ಇನ್ನೂ ಇರುವಾಗಲೇ.