ಹೆಣ್ಣುಮಕ್ಕಳ ಶಾಲೆಗೆ ಟೀಚರ್ ಬಂದದ್ದು ಎಲ್ಲಿಂದ?

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಈ ಶಾಲೆಯಲ್ಲಿ ಓದಿ, ಮುಂದೆ ಇತಿಹಾಸ ಪಾಠ ಮಾಡಿದವಳು ನಾನು. ಅಡ್ಡಗದ್ದೆಯ ಸುತ್ತಲಿನ ಮನೆಗಳಿಂದ ಹೆಣ್ಣುಮಕ್ಕಳು ಶಾಲೆಗೆ ಬರುವುದು ಈಗ ವಿಶೇಷವಲ್ಲ, ಅವರಿಗೆ ಟೀಚರ್ ಇರುವುದೂ ವಿಶೇಷವಲ್ಲ. ಆದರೆ ನೂರೈವತ್ತು ವರ್ಷಗಳ ಹಿಂದೆ ಶಾಲೆ ತೆರೆಯುವುದಕ್ಕಿಂತ ಕಷ್ಟದ ಕೆಲಸವೆಂದರೆ ಟೀಚರನ್ನು ಹುಡುಕುವುದಾಗಿತ್ತು.

ತೊಡಕು ಇದ್ದದ್ದು ಹೀಗೆ. ಬೆಳೆದ ಹುಡುಗಿಯರನ್ನು ಗಂಡಸು ಮೇಷ್ಟ್ರ ಬಳಿ ಕಳಿಸಲು ತಂದೆತಾಯಿಗಳು ಒಪ್ಪುತ್ತಿರಲಿಲ್ಲ. ವಯಸ್ಸಾದ ಪಂಡಿತರನ್ನು ನೇಮಿಸಿದರೂ ಹತ್ತು ಹನ್ನೆರಡು ವರ್ಷಕ್ಕೆ ಮದುವೆಯಾಗಿ ಓದು ನಿಲ್ಲುತ್ತಿತ್ತು. ಓದು ನಿಂತ ಮೇಲೆ ಅವರಲ್ಲಿ ಟೀಚರ್ ಆಗುವವರು ಯಾರು? ಓದಿದ ಹೆಂಗಸರಿಲ್ಲದೆ ಶಾಲೆಯಿಲ್ಲ, ಶಾಲೆಯಿಲ್ಲದೆ ಓದಿದ ಹೆಂಗಸರಿಲ್ಲ.

1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆಯವರು ಇದಕ್ಕೆ ಮನೆಯೊಳಗೇ ದಾರಿ ಕಂಡುಕೊಂಡರು. ಹೆಂಡತಿ ಸಾವಿತ್ರಿಬಾಯಿಗೆ ತಾವೇ ಓದು ಕಲಿಸಿ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯನ್ನಾಗಿ ಮಾಡಿದರು. 1882ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಹಂಟರ್ ಆಯೋಗವೂ ಮೇಷ್ಟ್ರುಗಳ ಹೆಂಡತಿಯರಿಗೆ ಮತ್ತು ವಿಧವೆಯರಿಗೆ ತರಬೇತಿ ಕೊಟ್ಟು ಶಿಕ್ಷಕಿಯರನ್ನಾಗಿ ಮಾಡಬೇಕೆಂದು ಶಿಫಾರಸು ಮಾಡಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ, ಅರಮನೆಯ ಆಶ್ರಯದಲ್ಲಿ, ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಆಗ ನಮ್ಮ ಶೃಂಗೇರಿ ಮಠದ ಜಹಗೀರಾಗಿ ಕಡೂರು ಜಿಲ್ಲೆಯಲ್ಲಿತ್ತು. ರಾಜಧಾನಿಯ ಆ ಶಾಲೆಗೇ ದೂರದಿಂದ ಟೀಚರನ್ನು ಕರೆಸಬೇಕಾಯಿತು. ರವೀಂದ್ರನಾಥ ಟಾಗೋರರ ಸೋದರಿಯ ಮಗಳು, ಕಲ್ಕತ್ತೆಯ ಪದವೀಧರೆ ಸರಳಾದೇವಿ 1895ರ ಸುಮಾರಿಗೆ ಇಲ್ಲಿಗೆ ಬಂದು ಪಾಠ ಮಾಡಿದರು. ಮೈಸೂರಿನಲ್ಲಿ ಕೇಳಿದ ಹಾಡುಗಳ ಧಾಟಿಗಳನ್ನು ಅವರು ಸೋದರಮಾವನಿಗೆ ಕೇಳಿಸಿದ್ದರಿಂದ ಕೆಲವು ರವೀಂದ್ರಗೀತೆಗಳು ಹುಟ್ಟಿದವು. ಆದರೆ ಒಂದು ರಾತ್ರಿ ಒಬ್ಬ ಯುವಕ ಅವರ ಮನೆಯೊಳಗೆ ನುಗ್ಗಿದ. ಅವರು ಹೆಚ್ಚು ಕಾಲ ಇಲ್ಲಿ ಉಳಿಯಲಿಲ್ಲ. ವಿದ್ಯೆ, ಧೈರ್ಯ, ಮನೆತನ ಎಲ್ಲ ಇದ್ದವರಿಗೇ ಹೀಗಾದರೆ ಹಳ್ಳಿಗೆ ಒಂಟಿಯಾಗಿ ಹೋಗುವ ಬಡ ಶಿಕ್ಷಕಿಯ ಪಾಡೇನು?

ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ ಬಾಲವಿಧವೆಯಾಗಿದ್ದ ಸುಬ್ಬಲಕ್ಷ್ಮಿಯವರು 1911ರಲ್ಲಿ ಪದವಿ ಪಡೆದು, ಮರುವರ್ಷವೇ ಮದ್ರಾಸಿನಲ್ಲಿ ಎಳೆಯ ವಿಧವೆಯರಿಗೆ ಒಂದು ಮನೆ ತೆರೆದರು. ಅಲ್ಲಿ ಊಟ, ವಸತಿ, ಓದು ಪಡೆದು ಅನೇಕರು ಶಿಕ್ಷಕಿಯರಾದರು. ಮನೆಯವರು ಮೂಲೆಯಲ್ಲಿ ಕೂರಿಸಿದ್ದ ಹುಡುಗಿಯರೇ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದರು. ನಮ್ಮ ಕನ್ನಡದ ಲೇಖಕಿ ನಂಜನಗೂಡು ತಿರುಮಲಾಂಬಾ ಅವರೂ ಬಾಲವಿಧವೆಯೇ. ಅವರೂ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಇತ್ತ ಮಹಾರಾಣಿ ಶಾಲೆ ಕಾಲೇಜಾಗಿ ಬೆಳೆದು, ಅಲ್ಲಿ ಕಲಿತವರೇ ಕಲಿಸುವವರಾದರು.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಸರ್ಕಾರ ಆದೇಶ ಹೊರಡಿಸಬಹುದು, ಸಂಬಳ ಕೊಡಬಹುದು. ಟೀಚರ್ ನಿಲ್ಲುವುದು ಮಾತ್ರ ಊರಿನವರಿಂದ. ನಿರ್ಭಯವಾಗಿ ಮಲಗಲು ಒಂದು ಮನೆ, ಕಷ್ಟಕ್ಕೆ ನೆರೆಮನೆಯವರು, ಆಡಿಕೊಳ್ಳದ ಬಾಯಿಗಳು ಇವು ಇದ್ದಲ್ಲಿ ಶಾಲೆ ನಿಂತಿತು. ನಮ್ಮ ಮಲೆನಾಡಿನ ಜಡಿಮಳೆಯಲ್ಲಿ, ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ ಇರುವ ಕಡೆ, ಬಯಲುಸೀಮೆಯಿಂದ ಬರುವ ಟೀಚರಿಗೆ ಈ ಮಾತು ಇಂದಿಗೂ ಅನ್ವಯಿಸುತ್ತದೆ.

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಕೊಠಡಿಗೆ, ಕುರ್ಚಿಗೆ ದೇಣಿಗೆ ಕೊಡೋಣ. ಜೊತೆಗೆ, ಹೊಸದಾಗಿ ವರ್ಗವಾಗಿ ಬರುವ ಟೀಚರಿಗೆ ಮಳೆಗಾಲ ಹಿಡಿಯುವ ಮೊದಲೇ ಒಂದು ಒಳ್ಳೆಯ ಮನೆಯನ್ನೂ ನೋಡಿಕೊಡೋಣ. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ.